ಕಣ್ಣು ಕಟ್ಟಿಕೊಂಡು ಅಡುಗೆಮನೆಗೆ ಬರುತ್ತಿದ್ದ ಸಾವ್ಕಾರರು

ಹೋದ ತಿಂಗಳು ತೆಲಂಗಾಣದ ಗಡಿಯೂರು ಮಕ್ತಲದ ಬಸ್ ಸ್ಟ್ಯಾಂಡಿನ ಎದುರು ಒಂದು ಫ್ಲೆಕ್ಸ್ ಕಟ್ಟಿದ್ದರು. ಸುತ್ತ ಗುಲಾಬಿ ಹೂವು, ಎರಡು ಬದಿಗೆ ಎರಡು ದೀಪ, ನಡುವೆ ನಮ್ಮ ಸಾವ್ಕಾರರ ಮುಖ. ಕೆಳಗೆ ದಪ್ಪ ತೆಲುಗು ಅಕ್ಷರದಲ್ಲಿ, ಬರ್ಮಾ ದೇಶದಲ್ಲಿ ಜನಿಸಿದ ಪ್ರಖ್ಯಾತ ಆಯಿಲ್ ಅಂಡ್ ಗ್ಯಾಸ್ ಉದ್ಯಮಿ ಇನ್ನಿಲ್ಲ ಎಂದು ಬರೆಸಿದ್ದರು. ಸುದ್ದಿ ಕೇಳಿ ನಾರಾಯಣಪೇಟೆಯ ನೆಂಟರ ಮನೆಯಿಂದ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅಳುತ್ತಾ ಬಂದವಳು ನಾನು, ಅದನ್ನು ಓದಿ ಅಲ್ಲೇ ನಕ್ಕುಬಿಟ್ಟೆ. ಪಕ್ಕದಲ್ಲಿ ಬಾಳೆಹಣ್ಣು ಮಾರುವವಳು ನನ್ನನ್ನು ಕೆಕ್ಕರಿಸಿ ನೋಡಿದಳು. ನೋಡಲಿ ಬಿಡಿ. ಆಯಿಲ್ ಅಂದರೆ ಏನು, ಗ್ಯಾಸ್ ಅಂದರೆ ಏನು ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆಯಿಲ್ ಅಂದರೆ ತಳ್ಳುಬಂಡಿಯ ಮೇಲಿನ ಡ್ರಮ್ಮಿನಿಂದ ಓಣಿ ಓಣಿಗೆ ಮಾರಿದ ಚಿಮಣಿ ಎಣ್ಣೆ. ಗ್ಯಾಸ್ ಅಂದರೆ ಮನೆಮನೆಗೆ ಹೊತ್ತು ಹಾಕಿದ ಸಿಲಿಂಡರು. ಆ ಗ್ಯಾಸ್ ಏಜೆನ್ಸಿಯ ಕೌಂಟರಿನಲ್ಲಿ ಇಪ್ಪತ್ತೆರಡು ವರ್ಷ ಕೂತು ಊರಿನವರ ಬೈಗುಳ ತಿಂದವಳು ನಾನೇ.

ಅವರ ಹೆಸರು ಬರೆಯುವುದಿಲ್ಲ. ಅವರಿಗೆ ಮೂರು ಹೆಸರಿದ್ದವು. ಬರ್ಮಾದ ತಾಯಿ ಇಟ್ಟದ್ದು ಒಂದು, ಅದಕ್ಕೆ ನಮ್ಮ ನಾಲಿಗೆ ತಿರುಗುವುದಿಲ್ಲ. ತೆಲುಗಿನ ತಂದೆ ಇಟ್ಟದ್ದು ಎರಡನೆಯದು. ರೇಷನ್ ಕಾರ್ಡ್ ಬರೆದವನು ತಾನೇ ಇಟ್ಟದ್ದು ಮೂರನೆಯದು. ಯಾವ ಹೆಸರಿನಿಂದ ಕರೆದರೂ ಅವರು ಬೆನ್ನ ಹಿಂದೆ ಬೇರೆ ಯಾರಾದರೂ ನಿಂತಿದ್ದಾರೇನೋ ಅಂತ ತಿರುಗಿ ನೋಡುತ್ತಿದ್ದರು. ಊರಿಗೆ ಅವರು ಬರ್ಮಾ ಸಾವ್ಕಾರ. ನನಗೆ ಸಾವ್ಕಾರರು. ಅವರಿಗೆ ನಾನು ಬಾಯಾರು, ಅಂದರೆ ಅಮ್ಮಾವರು.

ಅಲ್ಲಿಯ ಸರ್ಕಾರ ಅಂಗಡಿಗಳನ್ನೆಲ್ಲ ತನ್ನದು ಮಾಡಿಕೊಂಡಾಗ ಅವರು ತಂದೆಯ ಜೊತೆ ಹಡಗು ಹತ್ತಿ ಬಂದರಂತೆ. ಆಗ ಮೀಸೆಯೂ ಮೂಡಿರಲಿಲ್ಲ. ತಾಯಿ ಅಲ್ಲೇ ಉಳಿದಳು. ಈ ಸಂಗತಿಯನ್ನು ಅವರು ನನ್ನ ಮುಂದೆ ಹೇಳಿದ್ದು ಒಂದೇ ಸಲ, ಅದೂ ಸಿಲಿಂಡರ್ ಲಾರಿ ಬರುವುದು ತಡವಾಗಿ ಮಾಡಲು ಬೇರೆ ಕೆಲಸವಿಲ್ಲದ ಒಂದು ಮಧ್ಯಾಹ್ನ. ಮುಂದೆ ರಾಯಚೂರಿನಲ್ಲಿ ಎಣ್ಣೆ ಟ್ಯಾಂಕರ್ ತೊಳೆಯುವ ಕೆಲಸ ಸಿಕ್ಕಿತು. ಮಕ್ತಲದ ಕುರುಬರ ಮನೆಯ ಹುಡುಗಿಯೊಬ್ಬಳನ್ನು ಮದುವೆಯಾಗಿ ಅದೇ ಊರಲ್ಲಿ ನೆಲೆ ನಿಂತರು. ಅವರಿಗೆ ಕನ್ನಡ ಕಲಿಸಿದ್ದು ಆ ಹೆಣ್ಣುಮಗಳೇ. ಹೀಗಾಗಿ ಅವರಿಗೆ ಮೊದಲು ಬಂದದ್ದು ಕನ್ನಡದ ಬೈಗುಳ, ಆಮೇಲೆ ಮಾತು. ಬರ್ಮಾ ಭಾಷೆಯನ್ನು ಎಣಿಸುವುದಕ್ಕೆ ಮಾತ್ರ ಇಟ್ಟುಕೊಂಡಿದ್ದರು. ಗೋದಾಮಿನಲ್ಲಿ ಸಿಲಿಂಡರ್ ಎಣಿಸುವಾಗ ಅವರ ಬಾಯಲ್ಲಿ ಅದೇನೋ ಗುಣುಗುಣು ನಡೆದಿರುತ್ತಿತ್ತು. ನಡುವೆ ಯಾರಾದರೂ ಮಾತಾಡಿಸಿದರೆ ಕನ್ನಡದಲ್ಲಿ ಬೈದು ಮತ್ತೆ ಮೊದಲಿಂದ ಎಣಿಸುತ್ತಿದ್ದರು.

ಏನು ಕೊಟ್ಟರೂ ಬಲಗೈಯಿಂದ ಕೊಡಬೇಕು, ಕೊಡುವಾಗ ಎಡಗೈ ಬಲ ಮೊಣಕೈಯನ್ನು ಮುಟ್ಟಿರಬೇಕು. ಬರ್ಮಾದಲ್ಲಿ ಇದು ಮರ್ಯಾದೆ. ಮಕ್ತಲದಲ್ಲಿ ಇದು ಮೊಣಕೈ ನೋವು. ಚಿಮಣಿ ಎಣ್ಣೆ ಮಾರುವ ಕಾಲಕ್ಕೆ ಓಣಿಯ ಮುದುಕಿಯರಿಗೆ ಕರುಳು ಚುರ್ ಅಂದಿತಂತೆ. ಒಬ್ಬಳು ಎಕ್ಕದ ಎಲೆ ಕಾಸಿ ಕಟ್ಟಿದಳು. ಹಕೀಮರೊಬ್ಬರು ಪುಕ್ಕಟೆ ತೈಲ ಕೊಟ್ಟರು. ಇದು ನೋವಲ್ಲ, ಮರ್ಯಾದೆ ಎಂದು ಹೇಳುವಷ್ಟು ಕನ್ನಡ ಅವರಿಗಿನ್ನೂ ಬಂದಿರಲಿಲ್ಲ. ಒಂದು ಮಳೆಗಾಲವಿಡೀ ಮೊಣಕೈಗೆ ಎಕ್ಕದ ಎಲೆ ಕಟ್ಟಿಸಿಕೊಂಡೇ ಬಂಡಿ ತಳ್ಳಿದರು. ನಾನು ಕೆಲಸಕ್ಕೆ ಸೇರುವ ಹೊತ್ತಿಗೆ ನಮ್ಮ ಮೆಕ್ಯಾನಿಕ್ ಹುಸೇನಪ್ಪನೂ ಗಿರಾಕಿಗಳಿಗೆ ರಸೀದಿಯನ್ನು ಹಾಗೇ ಮೊಣಕೈ ಹಿಡಿದು ಕೊಡುತ್ತಿದ್ದ. ಯಾಕಪ್ಪಾ ಹೀಗೆ ಅಂತ ಕೇಳಿದೆ.

"ಇದು ಗ್ಯಾಸಿನವರ ರೂಲ್ ಐತ್ರಿ ಬಾಯಾರ," ಅಂದ.

ಅವರ ಊಟದ ಸಂಗತಿಯೂ ಹೀಗೇ. ಬರ್ಮಾದಲ್ಲಿ ಚಹಾ ಎಲೆಯನ್ನು ಹುಳಿ ಬರಿಸಿ ತಿನ್ನುತ್ತಾರಂತೆ. ಇಲ್ಲಿ ಅದೆಲ್ಲಿ ಸಿಗಬೇಕು? ಹುಣಸೆ ಚಿಗುರಿಗೆ ಹುರಿದ ಶೇಂಗಾ, ಎಳ್ಳು, ಕರಿದ ಬೆಳ್ಳುಳ್ಳಿ ಬೆರೆಸಿ ಮೇಲೆ ಎಣ್ಣೆ ಬಿಟ್ಟು ಕಲಸಿ, ಏಜೆನ್ಸಿಯ ಹಿಂದಿನ ಕೋಣೆಯಲ್ಲಿ ಕೂತು ಮೆಲ್ಲಗೆ ತಿನ್ನುತ್ತಿದ್ದರು. ನಿಮ್ಮೂರಿನ ರುಚಿ ಬಂತೇನ್ರಿ ಅಂತ ಒಮ್ಮೆ ಕೇಳಿದೆ.

"ಬರೇ ಸುಳ್ಳು ಬಾಯಾರ," ಅಂದರು. "ಆದ್ರ ಚಲೋ ಸುಳ್ಳು."

ಇನ್ನು ಮುಖ್ಯ ಸಂಗತಿಗೆ ಬರುತ್ತೇನೆ. ಸಾವ್ಕಾರರ ನಿಜವಾದ ಬಂಡವಾಳ ಅಂಗಡಿಯಲ್ಲ, ಗೋದಾಮಲ್ಲ, ಅವರ ಮೂಗು. ನೋಡಲು ಏನೂ ಇರಲಿಲ್ಲ. ಚಪ್ಪಟೆ ಮೂಗು, ಕನ್ನಡಕ ಕೂಡ ನಿಲ್ಲದೆ ಜಾರುತ್ತಿತ್ತು. ಆದರೆ ಯಾರ ಮನೆಯಲ್ಲಿ ಗ್ಯಾಸ್ ವಾಸನೆ ಬಂದರೂ ಕಂಪನಿಯ ಪುಸ್ತಕದಲ್ಲಿ ಬರೆದ ರೀತಿ ಒಂದಾದರೆ ಸಾವ್ಕಾರರ ರೀತಿ ಇನ್ನೊಂದು. ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು ಹೆಗಲ ಮೇಲಿನ ಟವೆಲಿನಿಂದ ಕಣ್ಣು ಕಟ್ಟಿಕೊಳ್ಳುತ್ತಿದ್ದರು. ಬರ್ಮಾ ಭಾಷೆಯಲ್ಲಿ ನೂರು ಎಣಿಸುತ್ತಿದ್ದರು. ಆಮೇಲೆ ಕೈ ಮುಂದೆ ಚಾಚಿ ಒಳಗೆ ನಡೆದು ಬೆರಳು ತೋರಿಸುತ್ತಿದ್ದರು. ಹುಸೇನಪ್ಪ ಆ ಬೆರಳಿನ ತುದಿಗೆ ಸಾಬೂನಿನ ನೊರೆ ಹಚ್ಚಿದರೆ ಅಲ್ಲೇ ಗುಳ್ಳೆ ಏಳುತ್ತಿತ್ತು.

ಇದು ಅವರ ಅಜ್ಜನಿಂದ ಬಂದ ವಿದ್ಯೆ.

"ನಮ್ಮವ್ವನ ಅಪ್ಪ ಎಣ್ಣಿ ಬಾವಿ ತೋಡಾಂವ, ಬಾಯಾರ. ಮಿಷೀನ್ ಗಿಷೀನ್ ಇಲ್ಲ, ಕೈಯಿಂದ. ಹಗ್ಗ ಕಟ್ಟಿ ಒಳಗ ಇಳಸ್ತಿದ್ರು. ಕೆಳಗ ಕೆಟ್ಟ ಗಾಳಿ ಇರ್ತೈತಿ, ಸ್ವಲ್ಪ ಹೊತ್ತ ಇದ್ದು ಮ್ಯಾಲ ಬರಬೇಕು. ಕತ್ತಲಿಗೆ ಕಣ್ಣು ಹೊಂದಾಕ ಟೈಮ್ ಹೋದ್ರ ಅಗಿಯೋದು ಯಾವಾಗ? ಅದಕ್ಕ ಇಳಿಯೋ ಮೊದಲ ಬಿಸಲಾಗ ಕಣ್ಣು ಕಟ್ಕೊಂಡು ಕುಂದರ್ತಿದ್ದ."

"ಅವರು ಕತ್ತಲ ಬಾವಿಗೆ ಇಳೀತಿದ್ರು. ನೀವು ಟ್ಯೂಬ್‌ಲೈಟ್ ಇರೋ ಅಡಿಗಿಮನಿಗೆ ಹೋಗ್ತೀರಿ. ನಿಮಗ್ಯಾಕ ಕಣ್ಣು ಕಟ್ಟೋದು?"

"ಕಣ್ಣು ತೆರದಿದ್ರ ಅದು ತಾನ ದೊಡ್ಡ ಮನಷ್ಯ ಅಂತ ಮಾತಾಡತೈತಿ. ಒಲಿ ಕಂಡ್ರ ಒಲಿ ಸೋರತೈತಿ ಅಂತೈತಿ. ಅದರ ಬಾಯಿ ಮುಚ್ಚಿಸಿದ್ರ ಮೂಗು ಹಗೂರಕ ಬಂದು ಖರೇ ಹೇಳತೈತಿ."

ಕಣ್ಣು ಕಟ್ಟುವುದರಿಂದ ಆದ ದೊಡ್ಡ ಲಾಭ ಬೇರೆಯೇ ಇತ್ತು. ನಾರಾಯಣಪೇಟೆಯ ಗೋಷಾ ಮನೆಗಳಲ್ಲಿ ಪರಗಂಡಸರು ಅಡುಗೆಮನೆಗೆ ಕಾಲಿಡುವ ಹಾಗಿರಲಿಲ್ಲ. ಕಣ್ಣು ಕಟ್ಟಿಕೊಂಡ ಸಾವ್ಕಾರರಿಗೆ ಮಾತ್ರ ಬಾಗಿಲು ತೆರೆಯುತ್ತಿತ್ತು. ಹೋದ ಮನೆಯಲ್ಲೆಲ್ಲ ಕೇಳದಿದ್ದದ್ದನ್ನೂ ಹೇಳಿ ಬರುತ್ತಿದ್ದರು. ನಿನ್ನೆಯ ಸಾರು ಹಳಸಿದೆ, ಚೆಲ್ಲಿರಿ. ಅಕ್ಕಿ ಡಬ್ಬಿಯಲ್ಲಿ ಹುಳು ಬಿದ್ದಿದೆ, ಬಿಸಿಲಿಗೆ ಹಾಕಿರಿ. ಒಂದು ಮನೆಯಲ್ಲಿ ಉಪ್ಪಿನ ಭರಣಿಯ ಹಿಂದೆ ಬೆರಳು ತೋರಿಸಿದರು. ಅಲ್ಲಿ ಗ್ಯಾಸ್ ಇರಲಿಲ್ಲ, ಆ ಮನೆಯ ಯಜಮಾನ ಬಿಟ್ಟೆನೆಂದು ದೇವರ ಮೇಲೆ ಆಣೆ ಮಾಡಿದ್ದ ಸಿಗರೇಟಿನ ಪಾಕೀಟು ಇತ್ತು. ಆ ಯಜಮಾನ ಮರುದಿನ ಏಜೆನ್ಸಿಗೆ ಬಂದು, ನಿಮ್ಮ ಸಾವ್ಕಾರಗ ಗ್ಯಾಸಿನ ವಾಸನಿ ಅಷ್ಟ ನೋಡಾಕ ಹೇಳ್ರಿ ಅಂತ ನನ್ನ ಮೇಲೆ ರೇಗಿದ.

ನಮ್ಮ ಮನೆಗೆ ಅವರ ಮೂಗು ಬಂದ ಕತೆಯನ್ನೂ ಹೇಳಬೇಕು. ನಮ್ಮದು ವೈಷ್ಣವರ ಮನೆ. ನಮ್ಮ ಅತ್ತೆಯವರ ಮಡಿ ಅಂದರೆ ಸಾಧಾರಣ ಮಡಿಯಲ್ಲ. ದೇವರ ನೈವೇದ್ಯ ಬೇಯುವಾಗ ಹೊರಗಿನವರು ಮುಟ್ಟುವುದು ಹಾಗಿರಲಿ, ಅವರ ದೃಷ್ಟಿ ಬಿದ್ದರೂ ಆ ಅಡುಗೆ ದೇವರಿಗೆ ಸಲ್ಲುವುದಿಲ್ಲ. ಸೊಸೆ ಗ್ಯಾಸ್ ಏಜೆನ್ಸಿಯಲ್ಲಿ ಕೆಲಸ ಮಾಡುತ್ತಿದ್ದರೂ ಅವರು ಮಾತ್ರ ಕಟ್ಟಿಗೆ ಒಲೆಯ ಮುಂದೆ ಕೂತು ಊದುತ್ತಿದ್ದರು. ಕಣ್ಣಿನ ಪೊರೆ ತೆಗೆಸಿದ ಮೇಲೆ ಡಾಕ್ಟರು ಹೊಗೆ ಕೂಡದು ಅಂದರು. ಆಗ ನಿರ್ವಾಹವಿಲ್ಲದೆ ದೇವರ ಅಡುಗೆಮನೆಗೂ ಒಂದು ಸಿಲಿಂಡರ್ ಬಂತು.

"ಯಾರ್ಯಾರು ಮುಟ್ಯಾರೋ ಏನೋ ಈ ಡಬ್ಬಿ," ಎಂದು ಅತ್ತೆಯವರು ಅದಕ್ಕೆ ಹುಣಸೆಹಣ್ಣು ಹಚ್ಚಿ ಹಿತ್ತಾಳೆ ಕೊಡ ತಿಕ್ಕಿದ ಹಾಗೆ ಮೇಲಿಂದ ಕೆಳಗಿನ ತನಕ ತಿಕ್ಕಿದರು. ನಾಲ್ಕು ಕೊಡ ನೀರು ಸುರಿದರು. ನೆತ್ತಿಯ ಮೇಲೆ ಒಂದು ತುಳಸಿದಳ ಇಟ್ಟರು. ಹುಸೇನಪ್ಪ ಆಚೆ ಅಂಗಳದಲ್ಲಿ ನಿಂತು, ಯಾವುದನ್ನು ಎಲ್ಲಿ ಕೂರಿಸಬೇಕೆಂದು ಕೂಗಿ ಹೇಳಿದ. ನಾನು ಒದ್ದೆ ಸೀರೆಯುಟ್ಟು ಜೋಡಿಸಿದೆ. ಮರುದಿನ ಬೆಳಿಗ್ಗೆ ನೈವೇದ್ಯದ ಅನ್ನ ಇಳಿಸಿ ಒಲೆ ಆರಿಸಿದ್ದೇ ತಡ, ಗ್ಯಾಸ್ ವಾಸನೆ.

ಹುಸೇನಪ್ಪನನ್ನು ಒಳಗೆ ಬಿಡುವ ಹಾಗಿಲ್ಲ. ಅನ್ನ ಅಲ್ಲೇ ಇದೆ, ನೈವೇದ್ಯ ಇನ್ನೂ ಆಗಿಲ್ಲ. ಸಾವ್ಕಾರರಿಗೆ ಹೇಳಿ ಕಳಿಸಿದೆ. ಅವರು ಬಂದವರೇ ನಮ್ಮ ಹಿತ್ತಲ ಬಾವಿಯಲ್ಲಿ ನಾಲ್ಕು ಕೊಡ ಸೇದಿ ಸುರಿದುಕೊಂಡು, ಮುಂದೆ ಗಂಟು ಹಾಕಿದ ಒದ್ದೆ ಲುಂಗಿಯಲ್ಲಿ ಹೊಸ್ತಿಲಿಗೆ ಬಂದು ಕಣ್ಣು ಕಟ್ಟಿಕೊಂಡರು. ಅತ್ತೆಯವರು ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಅವರ ತಲೆಯಲ್ಲಿ ಶಾಸ್ತ್ರದ ಪುಟಗಳು ಮಗುಚುತ್ತಿದ್ದದ್ದು ನನಗೆ ಕಾಣುತ್ತಿತ್ತು.

"ಕಣ್ಣು ಕಟ್ಯಾನಂದ್ರ ದೃಷ್ಟಿ ಬೀಳಂಗಿಲ್ಲ," ಅಂದರು ಕೊನೆಗೆ. "ಸ್ನಾನ ಆಗೇದ. ಬರಲಿ. ಏನೂ ಮುಟ್ಟಂಗಿಲ್ಲ ಅಂತ ಹೇಳು."

ಸಾವ್ಕಾರರು ಬಂದರು. ಮೂರು ಹೆಜ್ಜೆ ಇಟ್ಟರು, ಮೂಗು ಅರಳಿಸಿದರು, ಸಿಲಿಂಡರಿನ ಕಡೆ ಬೆರಳು ತೋರಿಸಿದರು.

"ಅಮ್ಮಾರ, ಇದರ ಬಾಯಾಗ ಹುಣಸಿಹಣ್ಣು ಸಿಕ್ಕೈತಿ. ಅದಕ್ಕ ರೆಗ್ಯುಲೇಟರ್ ಸರಿಯಾಗಿ ಕೂತಿಲ್ಲ."

ಅವರು ಹೇಳಿಕೊಟ್ಟಂತೆ ರೆಗ್ಯುಲೇಟರ್ ತೆಗೆದು ನೋಡಿದರೆ ಹುಣಸೆಯ ನಾರು ಸರಿಯಾಗಿ ಅಲ್ಲೇ ಕೂತಿತ್ತು. ಅತ್ತೆಯವರು ಸಂಜೆ ದೀಪ ಹಚ್ಚುವಾಗ ತಮ್ಮಷ್ಟಕ್ಕೆ ತಾವೇ, ಆ ಮನಷ್ಯಾನ್ನ ಬ್ಯಾಡ ಅನ್ನೂಣು, ಅವನ ಮೂಗಿಗೆ ಮಾತ್ರ ಮಡಿ ಅದ ಅಂದುಕೊಂಡರು. ಅವರ ಬಾಯಿಂದ ಅಷ್ಟು ದೊಡ್ಡ ಸರ್ಟಿಫಿಕೇಟು ನನಗೆ ಇವತ್ತಿಗೂ ಸಿಕ್ಕಿಲ್ಲ.

ಆ ಮೂಗು ಒಂದೇ ಒಂದು ಸಲ ಊರಿನ ಮುಂದೆ ತಪ್ಪಿತು. ಇಟಿಕ್ಯಾಲದ ಹತ್ತಿರ ರೈತನೊಬ್ಬ ಬೋರು ಹಾಕಿಸಿದ. ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣದ ಪೊರೆ ತೇಲುತ್ತಿತ್ತು. ಸುದ್ದಿ ಗದ್ವಾಲ ದಾಟಿ ಮಕ್ತಲಕ್ಕೆ ಬರುವಷ್ಟರಲ್ಲಿ ನೀರು ಹೋಗಿ ಬರೀ ಎಣ್ಣೆಯಾಗಿತ್ತು. ಸಾವ್ಕಾರರು ಜೀಪು ತೆಗೆಸಿದರು. ಆ ಬೋರಿನ ಮುಂದೆ ಕಣ್ಣು ಕಟ್ಟಿಕೊಂಡು ನೂರಲ್ಲ, ಇನ್ನೂರು ಎಣಿಸಿದರು. ನಾನೂ ಹುಸೇನಪ್ಪನೂ ಬಿಸಿಲಲ್ಲಿ ಒಣಗಿದೆವು. ಟವೆಲ್ ಬಿಚ್ಚಿದಾಗ ಅವರ ಕಣ್ಣಲ್ಲಿ ನೀರಿತ್ತು.

"ಎಣ್ಣಿ ಐತಿ," ಅಂದರು.

ಆಮೇಲಿನ ಒಂದೂವರೆ ತಿಂಗಳು ಸಾವ್ಕಾರರನ್ನು ಹಿಡಿಯುವವರಿರಲಿಲ್ಲ. ಲುಂಗಿ ಹೋಗಿ ಪ್ಯಾಂಟು ಬಂತು. ಆಯಿಲ್ ಅಂಡ್ ಗ್ಯಾಸ್ ಎಂದು ವಿಸಿಟಿಂಗ್ ಕಾರ್ಡು ಅಚ್ಚಾಯಿತು. ಗದ್ವಾಲದಲ್ಲಿ ಒಂದು ಫಂಕ್ಷನ್ ಹಾಲ್ ಹಿಡಿದು ಸಭೆ ಕರೆದರು. ಊರ ಹಿರಿಯರು ಮಿರ್ಚಿ ಭಜಿ ತಿಂದು, ಎಣ್ಣೆ ಬಂದ ಮೇಲೆ ನಮ್ಮ ಹೊಲದ ಕಡೆಗೂ ಒಂದು ಪೈಪು ಎಳೆಯಿರಿ ಅಂತ ಹೇಳಿಟ್ಟು ಹೋದರು. ಹೈದರಾಬಾದಿನ ಲ್ಯಾಬಿಗೆ ಬಾಟಲಿಯಲ್ಲಿ ಮಾದರಿ ಹೋಯಿತು. ಅಲ್ಲಿಂದ ಉತ್ತರ ಬರುವ ಮೊದಲೇ ಹುಸೇನಪ್ಪ ಹೋಟೆಲ್ಲಿನಲ್ಲಿ ಆ ಬೋರು ಕೊರೆದ ಲಾರಿಯವನ ಪಕ್ಕ ಚಹಾ ಕುಡಿಯಲು ಕೂತ. ಅವನ ಅಂಗಿಯ ತುಂಬ ಅದೇ ವಾಸನೆ. ಕೇಳಿದರೆ, ಅವತ್ತು ನಮ್ಮ ಕಂಪ್ರೆಸರಿನ ಪೈಪ್ ಒಡೆದು ಎಣ್ಣೆಯೆಲ್ಲ ಬೋರಿನೊಳಗೆ ಹೋಯಿತು ಅಂದ. ಹೈದರಾಬಾದಿನವರು ಬರೆದದ್ದೂ ಅದನ್ನೇ.

ಎಂಟು ದಿನ ಸಾವ್ಕಾರರು ಏಜೆನ್ಸಿಗೆ ಬರಲಿಲ್ಲ. ಬಂದಾಗ ಮತ್ತೆ ಲುಂಗಿ. ಉಳಿದ ವಿಸಿಟಿಂಗ್ ಕಾರ್ಡುಗಳ ಕಟ್ಟನ್ನು, ಬಲಗೈಯಲ್ಲಿ ಹಿಡಿದು ಎಡಗೈ ಮೊಣಕೈಗೆ ಮುಟ್ಟಿಸಿ, ನನ್ನ ಮೇಜಿನ ಮೇಲೆ ಇಟ್ಟರು. ಬೆನ್ನು ಖಾಲಿ ಇದೆ, ಬುಕಿಂಗ್ ನಂಬರ್ ಬರೆದುಕೊಡಲು ಬರುತ್ತದೆ ಅಂದರು.

"ನಿಮ್ಮ ಮೂಗೂ ಮೋಸ ಹೋತಲ್ರೀ," ಅಂದೆ. ಗಾಯದ ಮೇಲೆ ಉಪ್ಪು ಸವರುವ ಚಾಳಿ ನನಗೆ ಮೊದಲಿನಿಂದಲೂ ಇದೆ.

"ಇಲ್ಲ ಬಾಯಾರ. ಮೂಗು ಅವತ್ತ ಹೇಳಿತ್ತು, ಇದು ಲಾರಿ ಎಣ್ಣಿ ಅಂತ. ನಾನ ಕೇಳಲಿಲ್ಲ. ನಮ್ಮಜ್ಜ ಕಣ್ಣ ಮುಂದ ಬಂದ." ಕಾರ್ಡುಗಳ ಕಟ್ಟನ್ನು ನನ್ನ ಕಡೆ ಸರಿಸಿದರು. "ಇನ್ನ ಮ್ಯಾಲ ಮೂಗು ಹೇಳಿದ್ದಷ್ಟ ಹೇಳ್ತೀನಿ. ಜನ ಅದರ ಮ್ಯಾಲ ಭರೋಸಾ ಇಟ್ಟು ಮಕ್ಕಳನ್ನ ಮಲಗಿಸ್ತಾರ."

ಆ ಮಾತನ್ನು ಅವರು ಹದಿನೈದು ವರ್ಷ ನಡೆಸಿದರು. ಕೊರೊನಾ ಎರಡನೆಯ ಸಲ ಬಂದಾಗ ಅವರು ರಾಯಚೂರಿನ ಆಸ್ಪತ್ರೆಯಲ್ಲಿ ಎಂಟು ದಿನ ಇದ್ದು ಬಂದರು. ಹೆಂಡತಿ ಅದಕ್ಕೂ ಎಷ್ಟೋ ಮೊದಲೇ ತೀರಿಕೊಂಡಿದ್ದರು. ಮಗಳು ಗದ್ವಾಲದಲ್ಲಿ ಗಂಡನ ಮನೆಯಲ್ಲಿದ್ದಳು. ಏಜೆನ್ಸಿಯ ಹಿಂದಿನ ಕೋಣೆಯೇ ಅವರ ಮನೆ. ಬಂದ ಮೇಲೆ ತೆಳ್ಳಗಾಗಿದ್ದರು, ಮಾತು ಕಡಿಮೆಯಾಗಿತ್ತು. ನನ್ನ ಡಬ್ಬಿಯಲ್ಲಿ ಇವತ್ತು ಏನಿದೆ ಎಂದು ಮುಚ್ಚಳ ತೆಗೆಯುವ ಮೊದಲೇ ಹೇಳುತ್ತಿದ್ದವರು ಈಗ ಏನನ್ನೂ ಹೇಳುತ್ತಿರಲಿಲ್ಲ. ವಯಸ್ಸಾಯಿತು, ಈಗಲಾದರೂ ಮನುಷ್ಯನಿಗೆ ಸಭ್ಯತೆ ಬಂತು ಅಂದುಕೊಂಡೆ. ನನ್ನ ಬುದ್ಧಿಗಿಷ್ಟು ಬೆಂಕಿ ಬೀಳಲಿ.

ಎರಡು ತಿಂಗಳು ಕಳೆದಿರಬೇಕು. ಒಂದು ಏಕಾದಶಿಯ ದಿನ ನಮ್ಮ ಮನೆಯಲ್ಲೇ ಗ್ಯಾಸ್ ವಾಸನೆ ಬಂತು. ಅತ್ತೆಯವರಿಗೆ ಆಗ ಎಂಬತ್ತು ದಾಟಿತ್ತು, ಮೂಗಿಗೆ ಮಾತ್ರ ವಯಸ್ಸಾಗಿರಲಿಲ್ಲ. ಕರಸು ಅವನ್ನ ಅಂದರು. ಸಾವ್ಕಾರರು ಬಂದು ಕಣ್ಣು ಕಟ್ಟಿಕೊಂಡು, ಎಣಿಸಿ, ಒಳಗೆ ನಡೆದರು. ಹೊಸ್ತಿಲಲ್ಲೇ ನನ್ನ ಮೂಗಿಗೆ ವಾಸನೆ ಹೊಡೆಯುತ್ತಿತ್ತು. ಅವರು ಒಲೆಯ ಹತ್ತಿರ ಹೋದರು, ಪೈಪಿನ ಹತ್ತಿರ ಬಗ್ಗಿದರು, ಎದ್ದರು.

"ಏನೂ ಇಲ್ಲ ಅಮ್ಮಾರ. ವಾಸನಿ ಇಲ್ಲ."

ನಾನು ಅತ್ತೆಯವರ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು. ನಾನು ಸದ್ದಾಗದ ಹಾಗೆ ಹೋಗಿ ಕಿಟಕಿ ತೆರೆದೆ, ರೆಗ್ಯುಲೇಟರ್ ತಿರುವಿದೆ. ಅದು ಟಕ್ ಅಂದಿತು. ಟವೆಲಿನ ಕೆಳಗೆ ಸಾವ್ಕಾರರ ಮುಖ ಬಿಳುಚಿಕೊಂಡಿತು.

"ಹೌದು, ನನಗೂ ಈಗ ಬರವಲ್ದು ವಾಸನಿ," ಅಂದರು ಅತ್ತೆಯವರು. "ಮುದುಕಿ ನಾನು, ಏನೋ ಭ್ರಮಿ ಆಗಿರಬೇಕು."

ಏಕಾದಶಿಯ ದಿನ ನೀರನ್ನೂ ಮುಟ್ಟದ ಹೆಂಗಸು ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಅಂಗಳದ ಮೆಟ್ಟಿಲಲ್ಲಿ ಸಾವ್ಕಾರರು ಕೇಳಿದರು, "ಇತ್ತಲ್ಲ, ಬಾಯಾರ?"

"ಇತ್ತು."

"ಜ್ವರ ಬಂದಾಗ ಹೋತು. ಇವತ್ತ ಬರ್ತೈತಿ, ನಾಳೆ ಬರ್ತೈತಿ ಅಂತ ಕಾದೆ. ಯಾರು ಕರದ್ರೂ ಹೋದೆ. ಹೋಗಲಿಲ್ಲಂದ್ರ ಗೊತ್ತಾಕ್ಕಿತ್ತಲ್ಲ."

"ಎಷ್ಟು ಮನಿ?"

"ಹನ್ನೊಂದು."

ಆ ದಿನ ನಾನು ಅವರನ್ನು ಬೈದ ಹಾಗೆ ನನ್ನ ಗಂಡನನ್ನೂ ಬೈದಿಲ್ಲ. ಜನ ನಿಮ್ಮ ಮೂಗಿನ ಮೇಲೆ ಭರೋಸಾ ಇಟ್ಟು ಮಕ್ಕಳನ್ನು ಮಲಗಿಸುತ್ತಾರೆ ಅಂದವರು ನೀವೇ ಅಲ್ಲವೇ ಎಂದು ಕೇಳಿದೆ. ಅವರು ತಲೆ ತಗ್ಗಿಸಿ ನಿಂತು ಎಲ್ಲ ಕೇಳಿಸಿಕೊಂಡರು. ಆಮೇಲೆ ಹುಸೇನಪ್ಪನಿಗೆ ಜೀಪು ತೆಗೆಯಲು ಹೇಳಿ, ಆಗಿಂದಾಗಲೇ ಆ ಹನ್ನೊಂದು ಮನೆಗೂ ಹೊರಟರು. ನಾನು ಸಾಬೂನು ನೀರಿನ ಬಕೀಟು ಹಿಡಿದು ಹಿಂದೆ ಕೂತೆ. ಎಂಟು ಮನೆಯಲ್ಲಿ ಎಲ್ಲ ಸರಿಯಾಗಿತ್ತು. ಒಂಬತ್ತನೆಯದು ದಾಮರಗಿದ್ದದ ಕಡೆಯ ಒಂದು ಹಳ್ಳಿಯಲ್ಲಿ. ಒಂದೇ ಕೋಣೆಯ ಮನೆ. ಗಂಡ ಪುಣೆಗೆ ಕೂಲಿಗೆ ಹೋಗಿದ್ದ, ಹೆಂಡತಿ ನಾಲ್ಕು ಮಕ್ಕಳನ್ನು ಕಟ್ಟಿಕೊಂಡು ಇದ್ದಳು. ಹುಸೇನಪ್ಪ ಪೈಪಿಗೆ ನೊರೆ ಹಚ್ಚಿದ. ಒಲೆಯ ಹಲಗೆಯ ಕೆಳಗೆ, ಯಾರಿಗೂ ಕಾಣದ ಕಡೆ, ಗುಳ್ಳೆ ಎದ್ದಿತು. ಮತ್ತೆ ಹಚ್ಚಿದ. ಮತ್ತೆ ಎದ್ದಿತು. ಆ ಒಲೆಯಿಂದ ನಾಲ್ಕು ಮೊಳ ದೂರದಲ್ಲಿ ಮಕ್ಕಳು ಹೊದೆಯುವ ಕೌದಿಗಳನ್ನು ಮಡಿಚಿಟ್ಟಿದ್ದರು.

"ನನಗ ಒಂದೊಂದ್ಸಲ ವಾಸನಿ ಬರ್ತಿತ್ರೀ ಸಾವ್ಕಾರ್ರ," ಅಂದಳು ಆ ಹೆಣ್ಣುಮಗಳು. "ನೀವು ಬಂದು ಇಲ್ಲ ಅಂದು ಹೋದ್ರಲ್ಲ. ನಿಮ್ಮ ಮೂಗ ಇಲ್ಲ ಅಂದ ಮ್ಯಾಲ ನನ್ನ ಮೂಗು ಎಷ್ಟರದು ಅಂತ ಸುಮ್ಮನಾದೆ."

ಹುಸೇನಪ್ಪ ಪೈಪು ಬದಲಿಸಿದ. ಸಾವ್ಕಾರರು ಹೊರಗಿನ ಕಟ್ಟೆಯ ಮೇಲೆ ಕೂತುಬಿಟ್ಟರು. ಆಮೇಲೆ ಆಕೆಗೆ, ನನ್ನ ಮೂಗು ಸತ್ತಿದೆ, ನಿನಗೆ ಸುಳ್ಳು ಹೇಳಿದೆ ಅಂತ ನೇರವಾಗಿ ಹೇಳಿದರು. ಆಕೆ ಒಳಗೆ ಹೋಗಿ ಒಂದು ತಂಬಿಗೆ ನೀರು ತಂದುಕೊಟ್ಟಳು. ಉಳಿದ ಎರಡು ಮನೆಯಲ್ಲಿ ತೊಂದರೆ ಇರಲಿಲ್ಲ.

ಮರುದಿನ ಸಂತೆ. ಬೆಳಿಗ್ಗೆ ಏಜೆನ್ಸಿಗೆ ಹೋದರೆ ಮುಂದೆ ಒಂದು ಆಟೋ, ಅದರ ಮೇಲೆ ಮೈಕು.

"ಹತ್ರಿ ಬಾಯಾರ," ಅಂದರು ಸಾವ್ಕಾರರು. "ನಾನು ತೆಲುಗಿನ್ಯಾಗ ತಪ್ಪಿದ್ರ ತಿದ್ದಾಕ ಒಬ್ಬರು ಬೇಕು."

ಮಕ್ತಲದ ಜನ ಮೈಕಿನ ಆಟೋ ಬಂದರೆ ಎಲೆಕ್ಷನ್ನು, ಇಲ್ಲವೇ ಸೀರೆ ಸೇಲ್ ಅಂದುಕೊಳ್ಳುತ್ತಾರೆ. ಸಂತೆಯ ನಡುವೆ ಆಟೋ ನಿಂತಿತು, ಸಾವ್ಕಾರರು ಮೈಕು ಹಿಡಿದರು.

"ತಾಯಂದಿರ, ನಾನು ಬರ್ಮಾ ಸಾವ್ಕಾರ ಮಾತಾಡ್ತೀನಿ. ನನ್ನ ಮೂಗು ಸತ್ತೈತಿ. ಎರಡು ತಿಂಗಳ ಆತು. ಹೇಳದ ಮುಚ್ಚಿಟ್ಟಿದ್ದೆ, ತಪ್ಪಾತು. ಇನ್ನ ಮ್ಯಾಲ ನಾನು ವಾಸನಿ ಇಲ್ಲ ಅಂದ್ರ ನಂಬಬ್ಯಾಡ್ರಿ. ನಿಮ್ಮ ಮೂಗಿಗೆ ಬಂತು ಅಂದ್ರ ಬಂತು. ರೆಗ್ಯುಲೇಟರ್ ಬಂದ್ ಮಾಡ್ರಿ, ಕಿಟಕಿ ತೆರೀರಿ, ಏಜೆನ್ಸಿಗೆ ಫೋನ್ ಹಚ್ಚಿರಿ."

ಅದನ್ನೇ ತೆಲುಗಿನಲ್ಲಿ ಹೇಳಿದರು. ಎರಡು ಕಡೆ ತಪ್ಪಿದರು, ನಾನು ತಿದ್ದಲು ಹೋಗಲಿಲ್ಲ. ಕೆಲವರು ನಕ್ಕರು. ಮೆಣಸಿನಕಾಯಿ ಮಾರುವವನೊಬ್ಬ, ಮೂಗು ಸತ್ತದ್ದಕ್ಕೂ ಅನೌನ್ಸ್‌ಮೆಂಟ್ ಏನಪ್ಪಾ, ತಿಥಿ ಯಾವಾಗ ಅಂದ. ಸಾವ್ಕಾರರು ಅವನಿಗೂ ಕೈಮುಗಿದರು. ಓಣಿ ಓಣಿ ತಿರುಗಿ ನಮ್ಮ ಮನೆಯ ಮುಂದೆ ಬಂದಾಗ ಅತ್ತೆಯವರು ಪಡಸಾಲೆಯಲ್ಲಿ ಕೂತು ಬತ್ತಿ ಹೊಸೆಯುತ್ತಿದ್ದರು.

"ಏನ ಇವನು, ಊರೆಲ್ಲ ಒದರ್ಲಿಕ್ಕೆ ಹತ್ಯಾನ," ಅಂತ ನನಗೆ ಕೇಳುವ ಹಾಗೆ ಗೊಣಗಿದರು. "ಏಕಾದಶಿ ದಿನ ನಾ ಸುಳ್ಳು ಹೇಳಿದ್ದು ದಂಡ ಆತಲ್ಲ."

ಮೂರು ದಿನ ಸಾವ್ಕಾರರನ್ನು ಯಾರೂ ಕರೆಯಲಿಲ್ಲ. ವಾಸನೆ ಎಂದು ಫೋನ್ ಬಂದರೆ ಹುಸೇನಪ್ಪ ನೊರೆಯ ಡಬ್ಬಿ ಹಿಡಿದು ಒಬ್ಬನೇ ಹೋಗಿ ಬರುತ್ತಿದ್ದ. ಕೆಲಸ ಮೊದಲಿಗಿಂತ ಬೇಗ ಮುಗಿಯುತ್ತಿತ್ತು. ಸಾವ್ಕಾರರು ಕೌಂಟರಿನ ಪಕ್ಕದ ಕುರ್ಚಿಯಲ್ಲಿ ಕೂತು ರಸ್ತೆ ನೋಡುತ್ತಿದ್ದರು. ಏಜೆನ್ಸಿಯನ್ನು ಅಳಿಯನಿಗೆ ಬರೆದುಕೊಟ್ಟು ಗದ್ವಾಲಕ್ಕೆ ಹೋಗಿಬಿಡುತ್ತೇನೆ ಅಂದರು. ಅವರಿಲ್ಲದ ಏಜೆನ್ಸಿ ನನಗೆ ಬೇಡವಾಗಿತ್ತು.

ನಾಲ್ಕನೆಯ ದಿನ ಮಧ್ಯಾಹ್ನ ಫೋನ್ ಬಂತು. ದಾಮರಗಿದ್ದದ ಕಡೆಯ ಅದೇ ಹೆಣ್ಣುಮಗಳು. ಹೊಸ ಸಿಲಿಂಡರ್ ಹಾಕಿದ್ದೇನೆ, ಏನೋ ವಾಸನೆ ಬಂದ ಹಾಗಿದೆ, ಎಲ್ಲ ಬಂದ್ ಮಾಡಿ ಕಿಟಕಿ ತೆರೆದು ಮಕ್ಕಳನ್ನು ಕರೆದುಕೊಂಡು ಹೊರಗೆ ಬಂದಿದ್ದೇನೆ ಅಂದಳು. ಹುಸೇನಪ್ಪನನ್ನು ಈಗಲೇ ಕಳಿಸುತ್ತೇನೆ ಅಂದೆ.

"ಸಾವ್ಕಾರ್ರನ್ನ ಕಳಸ್ರಿ."

"ಅವರ ಮೂಗು ಹೋಗೇದವ್ವಾ. ನಿನ್ನ ಮುಂದ ಹೇಳ್ಯಾರಲ್ಲ."

"ಗೊತ್ತೈತ್ರೀ. ನಮ್ಮ ಮನ್ಯಾಗ ಐದು ಮೂಗು ಅದಾವ, ವಾಸನಿ ನಾವು ನೋಡ್ಕೋತೀವಿ. ಹುಸೇನಪ್ಪ ರಿಪೇರಿ ಮಾಡ್ಲಿ. ಅವರು ಬಂದು ಬಾಗಲದಾಗ ನಿಂದರ್ಲಿ ಸಾಕು. ಅವರು ಸುಳ್ಳು ಹೇಳಿದ್ರ ತಿರುಗಿ ಬಂದು ತಪ್ಪಾತು ಅಂತ ಹೇಳ್ತಾರ್ರೀ. ಹಂಗ ಹೇಳಾವ್ರು ಯಾರದಾರ?"

ನಾನು ರಿಸೀವರನ್ನು ಸಾವ್ಕಾರರ ಕಿವಿಗೆ ಹಿಡಿದೆ. ಆಕೆ ಮತ್ತೆ ಮೊದಲಿಂದ ಎಲ್ಲ ಹೇಳಿರಬೇಕು. ಅವರು ಬಹಳ ಹೊತ್ತು ಕೇಳಿದರು. ಹೂಂ ತಾಯಿ, ಹೂಂ ತಾಯಿ ಎಂದಷ್ಟೇ ಅಂದರು. ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಆಮೇಲೆ ಎದ್ದು ಚಪ್ಪಲಿ ಮೆಟ್ಟಿದರು.

"ಹುಸೇನಪ್ಪಾ, ಜೀಪ್ ತೆಗಿ," ಅಂದರು. ನನ್ನ ಕಡೆ ತಿರುಗಿದರು. "ಬಾಯಾರ, ಹೋಗಿ ನಿಂತು ಬರ್ತೀನಿ."

ಅಲ್ಲಿಂದ ಮುಂದೆ ಮೂರು ವರ್ಷ, ಹೋದ ತಿಂಗಳು ಹಾಸಿಗೆ ಹಿಡಿಯುವವರೆಗೂ, ಕರೆದ ಪ್ರತಿ ಮನೆಯ ಬಾಗಿಲಲ್ಲೂ ಹೋಗಿ ನಿಂತರು.